ಊಟಕ್ಕೆ ಕರೆಯುವ ವಾಚ್‌ಮನ್

"ಏನ್ ಮಲಕಪ್ಪ, ಗೇಟಲ್ಲಿ ಕೂತ್ಕೊಂಡು ಭಿಕ್ಷೆ ಬೇಡ್ತೀಯಂತೆ? ಕಂಪ್ಲೇಂಟ್ ಬಂದಿದೆ," ಎಂದ ಸೂಪರ್‌ವೈಸರ್ ರುದ್ರೇಶ್.

ಉಣ್ಣುತ್ತಿದ್ದವನು ಎದ್ದು ನಿಂತೆ. ಪಟ್ಟಂದೂರು ಅಗ್ರಹಾರದ ಈ ಅಪಾರ್ಟ್‌ಮೆಂಟಿಗೆ ನಾನು ವಾಚ್‌ಮನ್. ಮಗ, ಸೊಸೆ ಕಟ್ಟಡದ ಕೆಲಸಕ್ಕೆ ಹೋದರೆ ರಜೆಯಲ್ಲಿ ಮೊಮ್ಮಗಳು ಭಾಗ್ಯಶ್ರೀ ದಿನವಿಡೀ ನನ್ನ ಜೊತೆ. ಅವಳಿಗೂ ಇಲ್ಲಿ ಗೆಳತಿಯರಿಲ್ಲ, ನನಗೂ ಯಾರಿಲ್ಲ. ಎಂಟು ವರ್ಷದವಳು, ಅರವತ್ತೆಂಟರವನು, ಒಂದೇ ಡಬ್ಬಿಯಲ್ಲಿ ಉಣ್ಣುವ ದೋಸ್ತರು.

"ಬೇಡಿಲ್ರೀ ಸಾಹೇಬ್ರ, ಊಟಕ್ಕ ಕರದೀನ್ರಿ!"

ನಮ್ಮ ಊರ ಕಡೆ ಉಣ್ಣುವಾಗ ಎದುರಿಗೆ ಬಂದವರನ್ನು ಕರೆಯದೆ ತುತ್ತು ಎತ್ತುವುದಿಲ್ಲ; ಕರೆಸಿಕೊಂಡವರೂ ಒಂದು ಒಳ್ಳೆಯ ಮಾತು ಹೇಳಿಯೇ ಮುಂದೆ ಹೋಗುತ್ತಾರೆ. ನಾಯಿ ಹಿಡಿದು ಬರಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಬರಲಿ, ರೊಟ್ಟಿ ಹಿಡಿದ ಕೈ ಎತ್ತಿ, "ಬರ್ರಿ, ಊಟಾ ಮಾಡೂಣು" ಎನ್ನುತ್ತಿದ್ದೆ. ಭಾಷೆ ಬಾರದವರಿಗೂ ತಿಳಿಯಲೆಂದು ಬಾಯಿಯ ಕಡೆ ಬೆರಳು ತೋರಿಸುವ ಜಾಣತನವೂ ನನ್ನದೇ. ಇರುವುದು ನಾಲ್ಕು ರೊಟ್ಟಿ, ಕರೆದದ್ದು ಇನ್ನೂರು ಮನೆಯವರನ್ನು! ಯಾರೂ ಉತ್ತರ ಕೊಟ್ಟವರಲ್ಲ. ಒಬ್ಬ ಮೇಡಂ ಮಾತ್ರ ಎರಡು ಬಾಳೆಹಣ್ಣು ಕೈಗಿಟ್ಟು ಹೋಗಿದ್ದರು. ಊಟಕ್ಕೆ ಬರಲಾಗದ್ದಕ್ಕೆ ಕೊಟ್ಟ ಮರ್ಯಾದೆ ಎಂದು ನಾನು ವಾರವೆಲ್ಲ ಹಿಗ್ಗಿದ್ದೆ.

"ಇನ್ನೊಂದ್ಸಲ ಯಾರ್ನಾದ್ರೂ ಕರೆದ್ರೆ ಕೆಲಸ ಇರಲ್ಲ, ನೋಡ್ಕೊ," ಎಂದ ರುದ್ರೇಶ್. ಅವನಿಗೂ ಒಂದು ರೊಟ್ಟಿ ತಿಂದು ಹೋಗಿ ಎನ್ನಲು ಬಾಯಿ ತೆರೆದಿದ್ದೆ, ಭಾಗ್ಯಾ ಅಂಗಿ ಜಗ್ಗಿದಳು.

ಮರುದಿನ ಮಧ್ಯಾಹ್ನ ಡಬ್ಬಿ ಬಿಚ್ಚಿದೆ. ಜನ ಬರುತ್ತಿದ್ದರು, ಹೋಗುತ್ತಿದ್ದರು. ತಲೆ ತಗ್ಗಿಸಿ ಕುಳಿತೆ. ಕದ್ದು ತಿನ್ನುವವನ ಹಾಗೆ ನಾಚಿಕೆಯಾಯಿತು. ಇಷ್ಟು ವಯಸ್ಸಾದವನಿಗೆ ಒಂದು ತುತ್ತಿಗಾಗಿ ಅಳು ಬೇರೆ ಬಂತು.

"ಯಾಕ ಮುತ್ಯಾ, ಉಣ್ಣವಲ್ಲಿ?"

"ಯಾರ್ನೂ ಕರೀಲಾರ್ದ ಹ್ಯಾಂಗ ಉಣ್ಲೆವ್ವಾ?"

ಭಾಗ್ಯಾ ಕೈಯಲ್ಲಿದ್ದ ರೊಟ್ಟಿಯನ್ನು ಮುರಿಯದೆ ಡಬ್ಬಿಗೆ ಹಾಕಿ ಗೇಟಿನಾಚೆ ಓಡಿದಳು. ಅಲ್ಲಿಂದ ಯಾರೋ ದೊಡ್ಡ ಹೆಂಗಸಿನಂತೆ, ಇಲ್ಲದ ಸೆರಗನ್ನು ಭುಜಕ್ಕೆ ಸರಿಮಾಡಿಕೊಳ್ಳುತ್ತ ನಡೆದು ಬಂದಳು. ನನ್ನೆದುರು ಹೆಜ್ಜೆ ನಿಧಾನ ಮಾಡಿದಳು.

"ಬರ್ರಿ ಯಕ್ಕಾರ, ಊಟಾ ಮಾಡೂಣು," ಎಂದೆ.

ಬೆಳಿಗ್ಗೆ ಬರೀ ಚಹಾ ಕುಡಿದು ಬಂದಿದ್ದ ಹುಡುಗಿ ಹೊಟ್ಟೆ ಸವರಿಕೊಂಡಳು.

"ನಮ್ದು ಈಗಷ್ಟ ಆತ್ರಿ ಯಜ್ಜಾರ. ನೀವ್ ಮಾಡ್ರಿ."