ತೆರೆದ ಗೇಟು

ಆಸ್ಪತ್ರೆಯೊಂದರಿಂದ ಬಿಚ್ಚಿ ತಂದ ಹಳೆಯ ಲಿಫ್ಟು ಆ ಪುಟ್ಟ ಲಿಫ್ಟ್ ಮ್ಯೂಸಿಯಂನ ಮೂಲೆಯಲ್ಲಿ ನಿಂತಿತ್ತು. ಒಳಭಾಗ ಜನರಿಗೆ ಕಾಣಲೆಂದು ಗೈಡ್ ಅದರ ಕಬ್ಬಿಣದ ಗೇಟನ್ನು ತೆರೆದಿಟ್ಟಿದ್ದಳು. ಮುದುಕರೊಬ್ಬರು ಬಂದು ಅದನ್ನು ಎಳೆದು ಮುಚ್ಚಿದರು. ಅವಳು ತೆರೆದಳು. ಎರಡು ಹೆಜ್ಜೆ ಅತ್ತ ಹೋದವರು ತಡೆಯಲಾಗದೆ ತಿರುಗಿ ಬಂದು ಮತ್ತೆ ಮುಚ್ಚಿದರು.

“ಮುಟ್ಟಬೇಡಿ ಅಂತ ಎಷ್ಟು ಸಲ ಹೇಳೋದು ಸರ್!”

“ಮೇಲೆ ಗೇಟ್ ತೆರೆದಿದ್ರೆ, ಕೆಳಗಿನವರು ಎಷ್ಟು ಬಟನ್ ಒತ್ತಿದ್ರೂ ಲಿಫ್ಟ್ ಇಳಿಯಲ್ಲಮ್ಮ.”

“ಇದಕ್ಕೆ ಕರೆಂಟೇ ಇಲ್ಲ. ಕೆಳಗೆ ಯಾರು ಕಾಯ್ತಿದಾರೆ, ಹೇಳಿ?”

ಅವರ ಕೈ ಗೇಟನ್ನು ಬಿಡಲಿಲ್ಲ.

“ನನ್ನ ಹೆಂಡತಿ. ಆಪರೇಷನ್‌ಗೆ ಅಂತ ಅವಳನ್ನ ಮೇಲೆ ತರಬೇಕಿತ್ತು. ಡಾಕ್ಟರನ್ನ ಕರೆಯೋಕೆ ನಾನು ಮೊದಲು ಇದರಲ್ಲಿ ಮೇಲೆ ಹೋದೆ. ಇಳಿದು ಓಡುವಾಗ ಗೇಟ್ ಹಾಕಲಿಲ್ಲ.”