ಡೀಲಿಯಾಳ ಸ್ಟೂಲು

ರಿಬ್ಬನ್ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತಳೆಂದು ಡೀಲಿಯಾಳನ್ನು ಮಂಗಳವಾರ ಮಧ್ಯಾಹ್ನ ಕೆಲಸದಿಂದ ತೆಗೆದರು. ಹನ್ನೊಂದು ವರ್ಷ ನಿಂತವಳು ಕೂತದ್ದು ಎರಡು ನಿಮಿಷ.

ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಕೂರಲು ಆಸನ ಇಡಲೇಬೇಕೆಂದು ನ್ಯೂಯಾರ್ಕಿನಲ್ಲಿ ಕಾನೂನಾದಾಗ, ಆರನೇ ಅವೆನ್ಯೂ ರಸ್ತೆಯಲ್ಲಿ ಅವಳು ದುಡಿಯುತ್ತಿದ್ದ ದೊಡ್ಡ ಬಟ್ಟೆ ಮಳಿಗೆಯ ಮಾಲೀಕರು ಸ್ಟೂಲುಗಳನ್ನು ತರಿಸಿದ್ದರು. ಅವುಗಳ ಮೇಲೆ ಯಾರೂ ಕೂರಕೂಡದೆಂಬ ನಿಯಮವನ್ನೂ ಅದೇ ದಿನ ಮಾಡಿದ್ದರು. ಹುಡುಗಿಯರು ಸ್ಟೂಲಿನ ಪಕ್ಕದಲ್ಲೇ ಹತ್ತು ಗಂಟೆ ನಿಲ್ಲುತ್ತಿದ್ದರು.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಡೀಲಿಯಾ ಅದೇ ಕೌಂಟರಿನ ಕಿರಿಯ ಹುಡುಗಿಗೆ, "ಬಾರೇ ಟಿಲ್ಲಿ, ನನ್ನ ಕುರ್ಚಿ ಆಗು," ಎನ್ನುತ್ತಿದ್ದಳು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ರಿಬ್ಬನ್ ಸುತ್ತುತ್ತಿದ್ದರು. ದೂರದಿಂದ ನೋಡಿದವರಿಗೆ ಅದೂ ಕೆಲಸವೇ.

"ಬರೀ ಮೂಳೆ ಕಣೇ ನೀನು, ಚುಚ್ತೀಯ. ಒಂಚೂರು ತಿನ್ನೇ."

"ನೀನು ಹಾಸಿಗೆ ಕಣಕ್ಕಾ. ನಂಗೆ ನಿದ್ದೆ ಬರ್ತಿದೆ."

ಯಾರದೋ ಮನೆಯಲ್ಲಿ ಹಗಲೂ ರಾತ್ರಿ ಪಾತ್ರೆ ತಿಕ್ಕಿಕೊಂಡಿದ್ದ ಟಿಲ್ಲಿಯನ್ನು ಕೈಹಿಡಿದು ಇಲ್ಲಿಗೆ ಕರೆತಂದವಳು ಡೀಲಿಯಾ. "ಇಲ್ಲಿ ಸಂಜೆ ಏಳಾದ್ಮೇಲೆ ನೀನು ನಿನ್ನವಳು," ಎಂದಿದ್ದಳು.

ಬುಧವಾರ ಬೆಳಿಗ್ಗೆ ಮೇಲ್ವಿಚಾರಕ ಪ್ರೆಸ್ಕಾಟ್ ತನ್ನ ಕರವಸ್ತ್ರದಿಂದಲೇ ಸ್ಟೂಲುಗಳ ಧೂಳು ಒರೆಸುತ್ತ ಬಂದ. "ಕೂತ್ಕೊಳ್ಳಿ, ಎಲ್ಲಾ ಕೂತ್ಕೊಳ್ಳಿ! ಸರ್ಕಾರದ ಇನ್‌ಸ್ಪೆಕ್ಟರ್ ಮೆಟ್ಟಿಲು ಹತ್ತಿ ಬರ್ತಿದಾರೆ. ಹೆಂಗಸು ಬೇರೆ. ಮುಖದಲ್ಲಿ ನಗು ಇರ್ಲಿ."

ಎಲ್ಲರೂ ಕೂತರು. ಕೂತ ಸುಖಕ್ಕೆ ಕೈಗವಸು ಮಾರುವ ಹುಡುಗಿಯ ಕಣ್ಣಲ್ಲಿ ನೀರೇ ಬಂತು. ಟಿಲ್ಲಿ ಮಾತ್ರ ನಿಂತೇ ಇದ್ದಳು. ಹಿಮ್ಮಡಿಯಿಂದ ಸೊಂಟದವರೆಗೆ ಸೆಳೆತ. ಬೆನ್ನ ಹಿಂದೆ ನಿನ್ನೆಯವರೆಗೂ ಇದ್ದ ಬಿಸುಪು ಇಲ್ಲ.

"ನಿಂಗೆ ಬೇರೆಯಾಗಿ ಹೇಳ್ಬೇಕಾ?" ಪ್ರೆಸ್ಕಾಟ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. "ಮತ್ತೆ ಪಾತ್ರೆ ತಿಕ್ಕೋ ಆಸೆಯಾ?"

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಕೌಂಟರಿನ ಮುಂದೆ ನಿಂತಾಗಿತ್ತು. ಕೈಯಲ್ಲಿ ಪೆನ್ಸಿಲು, ಮೋಟು ನೋಟುಬುಕ್ಕು. "ಯಾಕಮ್ಮಾ, ನಿನಗೆ ಸ್ಟೂಲು ಕೊಟ್ಟಿಲ್ವಾ?"

"ಕೊಟ್ಟಿದಾರೆ ಮೇಡಂ. ಇಲ್ಲಿ ಎರಡಿದೆ ನೋಡಿ."

"ಪಾಪ, ನಾಚಿಕೆ ಹುಡುಗಿ," ಪ್ರೆಸ್ಕಾಟ್ ನಕ್ಕ. "ಕೂತ್ಕೋ ಮಗಳೇ, ಕೂತ್ಕೋ," ಎನ್ನುತ್ತ ಒಂದು ಸ್ಟೂಲನ್ನು ಅವಳ ಮೊಣಕಾಲಿನ ಹಿಂದಕ್ಕೇ ತಳ್ಳಿದ.

ಟಿಲ್ಲಿ ಬಗ್ಗಿ, ಆ ಸ್ಟೂಲನ್ನು ಎರಡೂ ಕೈಯಿಂದ ಎತ್ತಿ, ಮಲಗಿದ ಮಗುವನ್ನು ಇಳಿಸುವಂತೆ ಮೆಲ್ಲಗೆ ಅದರ ಜಾಗದಲ್ಲಿಟ್ಟಳು.

"ಇದು ಡೀಲಿಯಕ್ಕಂದು. ನಿನ್ನೆ ಇದರ ಮೇಲೆ ಕೂತಿದ್ದಕ್ಕೇ ಅವಳನ್ನ ಮನೆಗೆ ಕಳಿಸಿದ್ರಿ. ಹೋಗಿ ಕರ್ಕೊಂಡ್ಬನ್ನಿ ಸರ್. ಅವಳು ಕೂರೋವರೆಗೂ ನಾನು ಕೂರಲ್ಲ."