ಮಾಸದ ಟೋಪಿ

ಸುಳ್ಳಾಡಿದವನ ತಲೆಯ ಮೇಲೆ ಹಸಿರು ಟೋಪಿ ಬಣ್ಣ ಬಿಡುವುದು ಆಸ್ಟ್ರೇಲಿಯಾ ಕ್ರಿಕೆಟ್ ತಂಡದಲ್ಲಿ ಹೊಸ ಸಂಗತಿಯೇನಲ್ಲ. ನಿವೃತ್ತರ ಟೋಪಿಗಳೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಗಾರ್ತ್‌ನದೊಂದೇ ಚಿಗುರಿನಷ್ಟು ಹಸಿರಾಗಿತ್ತು. ಅದಕ್ಕೇ ಅಡಿಲೇಡ್‌ನಲ್ಲಿ ತನ್ನ ಮೊದಲ ಟೆಸ್ಟ್ ಆಡಲಿದ್ದ ರೈಲಿ ಎಂಬ ಹುಡುಗನಿಗೆ ಟೋಪಿ ತೊಡಿಸಲು ಗಾರ್ತ್‌ನನ್ನೇ ಕರೆಸಿದ್ದರು.

ಪಕ್ಕದಲ್ಲಿ ಹಳೆಯ ಜೊತೆಗಾರ ಲಿಂಡ್ಸೆ ನಿಂತಿದ್ದ. ನೆಲಕ್ಕೆ ತಾಗಿದ ಚೆಂಡನ್ನು ಕ್ಯಾಚ್ ಎಂದ ದಿನ ಅವನ ಟೋಪಿ ಇಡೀ ಮೈದಾನದೆದುರು ಬಿಳಿಚಿಕೊಂಡಿತ್ತು.

ಗಾರ್ತ್ ಕೂಡ ಚೆಂಡು ಬ್ಯಾಟನ್ನು ಸವರಿ ಕ್ಯಾಚ್ ಆಗಿದ್ದರೂ ಸವರಲೇ ಇಲ್ಲವೆಂದು ತಲೆಯಾಡಿಸಿ ಎಷ್ಟೋ ಸಲ ಕ್ರೀಸಿನಲ್ಲೇ ಉಳಿದಿದ್ದ. ಆಗೆಲ್ಲ ಅವನ ತಲೆಯ ಮೇಲಿದ್ದುದು ಹೆಲ್ಮೆಟ್; ಹಸಿರು ಟೋಪಿ ಚೀಲದಲ್ಲಿರುತ್ತಿತ್ತು. ಎದುರು ತುದಿಯಲ್ಲಿದ್ದ ಲಿಂಡ್ಸೆಗೆ ಮಾತ್ರ ಸವರಿದ ಸದ್ದು ಕೇಳಿಸುತ್ತಿತ್ತು.

"ಇಷ್ಟು ವರ್ಷ ಆಡಿನೂ ಬಣ್ಣ ಹೇಗೆ ಉಳಿಸ್ಕೊಂಡ್ರಿ?" ರೈಲಿ ಕೇಳಿದ.

ಗಾರ್ತ್‌ನ ಕಿವಿ ಬಿಸಿಯಾಯಿತು. ತನ್ನ ತಲೆಯ ಮೇಲಿನ ಟೋಪಿ ತೆಗೆದು ಲಿಂಡ್ಸೆಯ ಕೈಗಿಟ್ಟ. ಆಮೇಲೆ ಹೇಳಿದ: "ನಿಯತ್ತಾಗಿ ಆಡ್ದೆ ಕಣಪ್ಪ, ಅಷ್ಟೇ."

ಲಿಂಡ್ಸೆಯ ಕೈಯಲ್ಲಿ ಟೋಪಿ ಹಸಿರಾಗಿಯೇ ಇತ್ತು. ಅದನ್ನು ಮರಳಿ ಕೇಳಲು ಗಾರ್ತ್‌ಗೆ ನಾಲಿಗೆ ಏಳಲಿಲ್ಲ.